ಕಚ್ಚುವ ರಾಸು

ಕಡಲಡಿಯ ಯಂತ್ರ ಗೌರಿಯ ಕಣ್ಣಿಗೆ ಅದು ಮೊದಲು ಬಿದ್ದಾಗ ಯಾರೂ ಗಮನಿಸಲಿಲ್ಲ. ಹವಳದ ಬುಡದ ನೆರಳಿನಲ್ಲಿ ಉಗುರಿನಷ್ಟು ಉದ್ದದ ಕಪ್ಪು ಗೀರೊಂದು ಅಲುಗಿತು. ಅದರ ಬೆನ್ನ ಮೇಲೆ ಹೊಳೆಯುವ ನೀಲಿ ಎಳೆ. ಗೌರಿ ಅದನ್ನು ‘ಕಸ’ ಎಂದು ಗುರುತು ಹಾಕಿಕೊಂಡು ತನ್ನ ಕೆಲಸಕ್ಕೆ ಹೋಯಿತು. ಮುರುಡೇಶ್ವರದ ದಡದ ನಿಯಂತ್ರಣ ಕೋಣೆಯಲ್ಲಿ ಹಿಂದಿನ ದಿನದ ದೃಶ್ಯಗಳನ್ನು ಓಡಿಸಿ ನೋಡುತ್ತಿದ್ದ ಶೇವಂತಿ ಭಂಡಾರಿ ಆ ಜಾಗಕ್ಕೆ ಬಂದಾಗ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

“ಬಾಸಿತ್, ಸ್ವಲ್ಪ ಬನ್ನಿ ಇಲ್ಲಿ. ಇದು ಕಸವಾ?”

ಕೇಂದ್ರದ ಮುಳುಗುಗಾರ ಬಾಸಿತ್ ಭಟ್ಕಳದವನು. ನೀರಿನೊಳಗೆ ಗಂಟೆಗಟ್ಟಲೆ ಮಾತಿಲ್ಲದೆ ಇರಬೇಕಾದ್ದರಿಂದಲೋ ಏನೋ, ದಡದಲ್ಲಿದ್ದಾಗ ಸುಮ್ಮನಿರುತ್ತಿರಲಿಲ್ಲ. ಅವನು ಬಗ್ಗಿ ನೋಡಿದ. ಕಪ್ಪು ಗೀರು ಮೂತಿಯನ್ನು ಕೆಳಗೆ ಮಾಡಿ, ಬಾಲ ಎತ್ತಿ, ಏರುತ್ತ ಇಳಿಯುತ್ತ ಒಂದೇ ಕಡೆ ಕುಣಿಯುತ್ತಿತ್ತು.

“ಕಸಕ್ಕೆ ಕುಣೀಲಿಕ್ಕೆ ಬರ್ತದಾ ಮೇಡಂ? ಇದು ಅಸಲಿ ಮಾಲು.”

ಆ ಕಾಲಕ್ಕೆ ನೇತ್ರಾಣಿ ದ್ವೀಪದ ಸುತ್ತಲಿನ ಹವಳ ಒಮ್ಮೆ ಸತ್ತು ಮತ್ತೆ ಹುಟ್ಟಿತ್ತು. ಒಂದರ ಹಿಂದೊಂದು ಬಂದ ಬಿರುಬೇಸಿಗೆಗಳಲ್ಲಿ ನೀರು ಕಾದು, ಹವಳ ಬಿಳುಚಿ ಬರಿಯ ಸುಣ್ಣವಾಗಿತ್ತು. ಜೀವಸಂಪತ್ತು ಮಂಡಳಿ ಎಂಬ ಸಂಸ್ಥೆ ಸುಟ್ಟ ಮಣ್ಣಿನ ಚೌಕಟ್ಟುಗಳನ್ನು ಕಡಲಿಗಿಳಿಸಿ, ಬಿಸಿ ತಾಳುವ ತಳಿಯ ತುಣುಕುಗಳನ್ನು ಅವಕ್ಕೆ ಕಟ್ಟಿ, ದಿಬ್ಬವನ್ನು ಮರಳಿ ಬೆಳೆಸಿತು. ಮೀನುಗಳೂ ಬಂದವು. ರಾಸ್ ಎಂಬ ದೊಡ್ಡ ಕುಲದವೇ ಎಷ್ಟೋ ಬಗೆಯವು ಬಂದವು: ಹಸಿರು ಮೈಗೆ ಗುಲಾಬಿ ಗೀರು ಎಳೆದುಕೊಂಡವು, ದಪ್ಪ ತುಟಿಯಿಂದ ಕಲ್ಲು ಮಗುಚಿ ಏಡಿ ಹುಡುಕುವವು, ಹೊತ್ತು ಮುಳುಗುವ ಮೊದಲೇ ಮರಳಿನೊಳಗೆ ನುಗ್ಗಿ ಅದನ್ನೇ ಹೊದ್ದು ಮಲಗುವವು. ಎಲ್ಲಕ್ಕೂ ಒಂದೇ ನಡಿಗೆ. ಎದೆಯ ಪಕ್ಕದ ಎರಡು ರೆಕ್ಕೆಗಳನ್ನು ದೋಣಿಯ ಹುಟ್ಟಿನಂತೆ ಹಾಕುತ್ತ ಸಾಗುತ್ತಿದ್ದವು. ಬಾಲಕ್ಕೆ ಕೆಲಸ ಬೀಳುತ್ತಿದ್ದದ್ದು ಜೀವಭಯವಾದಾಗ ಮಾತ್ರ.

ಬಾರದೆ ಉಳಿದದ್ದು ಆ ಕುಲದ ಅತಿ ಸಣ್ಣವನೊಬ್ಬ. ಬೆರಳುದ್ದದ ಮೈ, ಮೂತಿಯಿಂದ ಹೊರಟು ಬಾಲದವರೆಗೆ ಅಗಲವಾಗುತ್ತ ಹೋಗುವ ಕಪ್ಪು ಪಟ್ಟೆ, ಅದರ ಸುತ್ತ ನೀಲಿ. ಇದು ಬಂಡೆಯೊಂದನ್ನು ಅಂಗಡಿ ಮಾಡಿಕೊಂಡು ಕೂರುತ್ತದೆ. ಉಳಿದ ಮೀನುಗಳು ಗಿರಾಕಿಗಳಂತೆ ಬಂದು ಸರದಿ ನಿಲ್ಲುತ್ತವೆ, ಬಾಯಿ ತೆರೆಯುತ್ತವೆ, ಕಿವಿರು ಅಗಲಿಸುತ್ತವೆ. ಇದು ಒಳಹೊಕ್ಕು, ಮೈಗೆ ಕಚ್ಚಿಕೊಂಡ ಉಣ್ಣಿಯಂಥ ಹುಳಗಳನ್ನು ಹೆಕ್ಕಿ ತಿನ್ನುತ್ತದೆ. ನುಂಗಿದರೆ ಒಂದು ತುತ್ತಿಗೂ ಸಾಲದ ಈ ಮೀನು ಹುಲಿಯಂತೆ ಬೇಟೆಯಾಡುವ ದೊಡ್ಡ ಮುರುಮೀನಿನ ಬಾಯೊಳಗೆ ಹೋಗಿ ಸುಖವಾಗಿ ಹೊರಬರುತ್ತದೆ. ಅದಿಲ್ಲದ ನೇತ್ರಾಣಿಯಲ್ಲಿ ಮೀನುಗಳು ಹುಳ ಹತ್ತಿ ಸೊರಗುತ್ತಿದ್ದವು. ಅದು ತಾನಾಗಿ ಬರದಿದ್ದರೆ, ಅದರ ಕೆಲಸವನ್ನು ಒಂದು ಯಂತ್ರ ಮಾಡಿದರೆ?

ಶೇವಂತಿಯ ಜೀವನದ ಬಹುಭಾಗ ಈ ಒಂದು ಪ್ರಶ್ನೆಗೆ ಸಂದಿತ್ತು. ಮೆತ್ತನೆಯ ರಬ್ಬರಿನ ಮೈ, ಕಪ್ಪು ಪಟ್ಟೆ, ಕುಣಿತ, ಗಿರಾಕಿಯ ಬೆನ್ನನ್ನು ರೆಕ್ಕೆಯಿಂದ ನೇವರಿಸಿ ಸಮಾಧಾನಪಡಿಸುವ ರೀತಿ, ಎಲ್ಲವನ್ನೂ ಅವಳು ಅಸಲಿಯಿಂದಲೇ ಕಲಿತಳು. ಒಂದನ್ನು ಮಾತ್ರ ಬಿಟ್ಟಳು. ಅಸಲಿ ರಾಸ್‌ಗೆ ಹುಳಕ್ಕಿಂತ ಗಿರಾಕಿಯ ಮೈಮೇಲಿನ ಲೋಳೆ ಹೆಚ್ಚು ರುಚಿ. ಸಂದು ಸಿಕ್ಕರೆ ಅದು ಲೋಳೆಯನ್ನೇ ಕಚ್ಚುತ್ತದೆ. ಗಿರಾಕಿ ನೋವಿನಿಂದ ಬೆಚ್ಚುತ್ತದೆ. ಶೇವಂತಿ ತನ್ನ ಯಂತ್ರದ ನಿಯಮಗಳ ಮೊದಲ ಸಾಲಿನಲ್ಲೇ ಬರೆದಿದ್ದಳು: ಲೋಳೆ ಮುಟ್ಟಕೂಡದು. ಆ ಬಾಯಿ ಎಂದೂ ತಪ್ಪಲಿಲ್ಲ. ಸಮ್ಮೇಳನಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆ ಬಾಯಿಗೆ.

ಹೆಸರುಗಳ ಕಥೆ ಬೇರೆ. ಮಂಡಳಿಗೆ ಬರುವ ಕಡತಗಳನ್ನು ವಿಂಗಡಿಸುತ್ತಿದ್ದದ್ದೂ ಒಂದು ಯಂತ್ರವೇ. ‘ಶುಚಿಕಾರ ರಾಸ್’ ಎಂಬುದನ್ನು ಅದು ‘ರಾಸು’ ಎಂದು ತಿದ್ದಿ, ಕಡತವನ್ನು ಜಾನುವಾರು ವಿಭಾಗಕ್ಕೆ ಕಳಿಸಿತು. ಅಲ್ಲಿಂದ ಪ್ರತಿ ಯಂತ್ರಕ್ಕೂ ಹೆಸರು, ಬಣ್ಣ, ಕೊಂಬಿನ ಆಕಾರ ಕೇಳಿ ಪತ್ರ ಬಂತು. ತಿದ್ದಿಸಲು ಓಡಾಡುವುದಕ್ಕಿಂತ ಉತ್ತರ ಕೊಡುವುದೇ ಸುಲಭವಾಗಿ ಕಂಡಿತು. ಬಾಸಿತ್ ಕೂತು ಗೌರಿ, ಕಪಿಲೆ, ಕೆಂಪಿ, ಬೆಳ್ಳಿ ಎಂದು ಬರೆದ. ಕೊಂಬು ಎಂಬಲ್ಲಿ ‘ಇನ್ನೂ ಮೂಡಿಲ್ಲ’ ಎಂದು ಸೇರಿಸಿದ. ಅಂದಿನಿಂದ ಪ್ರತಿ ಬೇಸಿಗೆಯ ಕೊನೆಗೆ ಮಂಡಳಿಯ ದನದ ಡಾಕ್ಟರರು ಬೋಟು ಹತ್ತಿ ನೇತ್ರಾಣಿಗೆ ಹೋಗಿ, ಮೀನಿನಾಕಾರದ ರಾಸುಗಳ ಆರೋಗ್ಯ ತಪಾಸಣೆ ಮಾಡುವುದು ರೂಢಿಯಾಯಿತು.

ಹುಡುಕಿದಾಗ ಅಸಲಿ ರಾಸ್‌ನ ಕಪ್ಪು ಮರಿಗಳು ಮೂರಿದ್ದವು. ಎಲ್ಲಿಯದೋ ಮೊಟ್ಟೆ, ಯಾವುದೋ ಪ್ರವಾಹ ಹೊತ್ತು ತಂದದ್ದು. ದೊಡ್ಡ ಬಂಡೆಯ ಬುಡದಲ್ಲಿ ನೆಲೆ ನಿಂತು, ಯಾವ ಮೀನು ಹಾದುಹೋದರೂ ಕುಣಿಯುತ್ತಿದ್ದವು. ಯಾವ ಮೀನೂ ನಿಲ್ಲುತ್ತಿರಲಿಲ್ಲ. ಬಂಡೆಯ ನೆತ್ತಿಯಲ್ಲಿ ಗೌರಿ ಇತ್ತು. ಗೌರಿಯ ಮುಂದೆ ಮುರುಮೀನು, ಗಿಳಿಮೀನು, ಚಿಟ್ಟೆಮೀನುಗಳ ಸಾಲು ಇತ್ತು. ಕೆಲಸ ಮುಗಿಸಿ ಹೊರಟ ಗಿರಾಕಿಯ ಮೈಮೇಲೆ ಒಂದು ಹುಳವೂ ಉಳಿದಿರುತ್ತಿರಲಿಲ್ಲ.

“ಹೊಟ್ಟೆ ಬೆನ್ನಿಗೆ ಹತ್ತಿದೆ ಮೇಡಂ,” ಎಂದು ಬಾಸಿತ್ ನೀರಿನಿಂದ ಎದ್ದು ಬಂದು ಹೇಳಿದ. “ದೊಡ್ಡದು ಒಂಚೂರು ಪರವಾಗಿಲ್ಲ. ಸಣ್ಣವೆರಡು ಕುಣಿಯೂದನ್ನೂ ಬಿಟ್ಟಿದ್ದಾವೆ.”

ಗೌರಿಯನ್ನು ಕೆಲವು ದಿನ ಗೂಡಿನಲ್ಲಿ ನಿಲ್ಲಿಸಿ ನೋಡಿದರು. ಗಿರಾಕಿಗಳು ಬಂದು, ಖಾಲಿ ಬಂಡೆ ನೋಡಿ, ತುಸು ದೂರದ ಕಪಿಲೆಯ ಬಂಡೆಗೆ ಹೋದವು. ಮರಿಗಳತ್ತ ತಿರುಗಿಯೂ ನೋಡಲಿಲ್ಲ. ಎಲ್ಲ ಯಂತ್ರಗಳನ್ನೂ ಎತ್ತಿಬಿಡೋಣವೆಂದರೆ, ಆ ಮೂರು ಮರಿಗಳಿಂದ ಇಡೀ ದಿಬ್ಬದ ಕೆಲಸ ಆಗುವಂತಿರಲಿಲ್ಲ. ಮೀನುಗಳು ಮತ್ತೆ ಸೊರಗಿ ಚದುರಿದರೆ ಮರಿಗಳಿಗೂ ಅನ್ನವಿಲ್ಲ. ಮಂಡಳಿಯ ನಿರ್ದೇಶಕಿ ಡಾ. ಮೃಣಾಲಿನಿ ಪಂಡಿತ್ ಅದನ್ನು ಪರದೆಯ ಮೇಲೆ ಬಂದು ಸ್ಪಷ್ಟವಾಗಿ ಹೇಳಿದರು.

“ನೋಡು ಶೇವಂತಿ, ತಪಾಸಣೆ ಮುಗಿದ ತಕ್ಷಣ ನಿನ್ನ ಯಂತ್ರಗಳು ಬೇರೆ ಎಲ್ಲ ದಿಬ್ಬಗಳಿಗೂ ಹೋಗುತ್ತವೆ. ಇಷ್ಟು ವರ್ಷ ನೀನು ಕೇಳಿದ್ದು ಇದನ್ನೇ ಅಲ್ಲವೇ? ಮೂರು ಮರಿಗಾಗಿ ಯಾಕೆ ತಲೆ ಕೆಡಿಸಿಕೊಳ್ತೀಯ?”

“ಅವು ಬರಲಿ ಅಂತಲೇ ಅಲ್ಲವಾ ಮೇಡಂ ಯಂತ್ರ ಮಾಡಿದ್ದು? ಅಸಲಿ ಬರುವ ತನಕ ಅಂತ.”

“ಅಸಲಿಗಿಂತ ಚೆನ್ನಾಗಿ ಕೆಲಸ ಮಾಡ್ತಿರುವಾಗ ಅಸಲಿ ಯಾಕೆ ಬೇಕು?” ಎಂದು ಕೇಳಿದ ನಿರ್ದೇಶಕಿಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿ ಕೇಳಿದ್ದರು.

ಶೇವಂತಿ ಹಳೆಯ ದಾಸ್ತಾನಿಗೆ ಹೋದಳು. ಹವಳ ಸಾಯುವ ಮುಂಚಿನ ದೃಶ್ಯಗಳು ಅಲ್ಲಿದ್ದವು. ಯಂತ್ರಕ್ಕೆ ಕುಣಿತ ಕಲಿಸಲು ಅವಳೇ ನೂರು ಸಲ ನೋಡಿದ್ದವು. ಆಗೆಲ್ಲ ಅವಳ ಕಣ್ಣು ರಾಸ್ ಮೇಲೆ ಇರುತ್ತಿತ್ತು. ಈ ಸಲ ಗಿರಾಕಿಯನ್ನು ನೋಡಿದಳು. ರಾಸ್ ಕಚ್ಚಿತು, ಗಿಳಿಮೀನು ಬೆಚ್ಚಿತು. ಒಂದು ಗಳಿಗೆ ರಾಸ್ ಅನ್ನು ಅಟ್ಟಿಸಿಕೊಂಡು ಹೋಯಿತು. ಆಮೇಲೆ ಸಿಟ್ಟಿನಿಂದಲೇ ಪಕ್ಕದ ಬಂಡೆಯ ಇನ್ನೊಂದು ರಾಸ್ ಹತ್ತಿರ ಹೋಗಿ ಬಾಯಿ ತೆರೆದು ನಿಂತಿತು. ಶೇವಂತಿ ಅದನ್ನು ಹಿಂದಕ್ಕೋಡಿಸಿ ಮತ್ತೆ ನೋಡಿದಳು. ಬೇರೆ ದೃಶ್ಯಗಳಲ್ಲೂ ಅದೇ. ಕಚ್ಚಿಸಿಕೊಂಡವು ಅಂಗಡಿ ಬದಲಿಸುತ್ತಿದ್ದವು. ಹಾಗೆ ಬದಲಿಸುವ ಗಿರಾಕಿಗಳಿಂದಲೇ ಹೊಸ ಅಂಗಡಿಗಳು ಬದುಕುತ್ತಿದ್ದವು. ಎಂದೂ ತಪ್ಪದ ಬಾಯಿಯನ್ನು ಬಿಟ್ಟು ಹೋಗಲು ಗಿರಾಕಿಗೆ ಕಾರಣವೇ ಇರಲಿಲ್ಲ.

ಅವಳು ಮೋಸವೆಂದು ಅಳಿಸಿಹಾಕಿದ್ದು ಕಡಲಿನ ಮಟ್ಟಿಗೆ ಒಂದು ಬಾಗಿಲಾಗಿತ್ತು.

ಶೇವಂತಿ ಶಿರಾಲಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಮನೆಯ ಮುಂಭಾಗವೇ ಅಣ್ಣ ಶನಿಯಾರನ ಕಟಿಂಗ್ ಶಾಪು. ಅವನು ಕಳೆದ ವರ್ಷ ಗಡ್ಡ ಹೆರೆಯುವ ಯಂತ್ರದ ಕುರ್ಚಿ ಹಾಕಿಸಿದ್ದ. ಅದು ಮುಖವನ್ನು ಅಳೆದುಕೊಂಡು ಸದ್ದಿಲ್ಲದೆ ಕೆಲಸ ಮುಗಿಸುತ್ತಿತ್ತು. ಇದರಿಂದ ಅವನಿಗೆ ಯಾವ ದುಃಖವೂ ಆಗಿರಲಿಲ್ಲ. ಹೆಗಲು ನೋವು ಹೋಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಯಂತ್ರ ಗಡ್ಡ ಹೆರೆಯುವಾಗ ಅವನು ಪಕ್ಕದಲ್ಲಿ ಕೂತು ಗಿರಾಕಿಯ ಜೊತೆ ಮಾತಾಡುತ್ತಿದ್ದ, ಗಿರಾಕಿಗೆ ತಿರುಗಿ ಮಾತಾಡಲು ಬಾಯಿ ಅಲುಗಿಸುವಂತಿರಲಿಲ್ಲ ಅಷ್ಟೆ.

ಸಂಜೆ ಕಡೆಯ ಗಿರಾಕಿ ಎದ್ದುಹೋದ ಮೇಲೆ ಶೇವಂತಿ ಆ ಕುರ್ಚಿಯಲ್ಲಿ ಕೂತು ತಾನು ಮಾಡಹೊರಟಿದ್ದನ್ನು ಹೇಳಿದಳು.

ಶನಿಯಾರ ಟವೆಲು ಮಡಚುವುದನ್ನು ನಿಲ್ಲಿಸಿದ. “ಬೇಕಂತಲೇ ಕಚ್ಸೂದಾ?”

“ಸ್ವಲ್ಪ. ಲೋಳೆ ಮಾತ್ರ. ಗಾಯ ಆಗೂದಿಲ್ಲ.”

“ಎಂತ ಮಾರಾಯ್ತಿ ನೀನು! ಅಪ್ಪ ಇದೇ ಕತ್ತಿ ಹಿಡ್ದು ನಮ್ಮನ್ನ ಸಾಕ್ದ. ಕೈ ತಪ್ಪಿ ಗಾಯ ಆದ್ರೆ ಆ ದಿನ ಅವ ಊಟ ಮಾಡ್ತಿರ್ಲಿಲ್ಲ. ಬಾಯಿ ತೆರೆದು, ಕುತ್ತಿಗೆ ಕೊಟ್ಟು, ನಂಬಿ ಕೂತವರಿಗೆ ಬೇಕಂತ ಗಾಯ ಮಾಡೂದಾ?”

“ಅವು ಮೀನು ಅಣ್ಣ.”

“ಮೀನಾದ್ರೆ ಎಂತ? ಬಾಯಿ ತೆರ್ದಿದ್ದು ಹೌದಾ ಅಲ್ದಾ?”

ಒಳಗಿನಿಂದ ಅತ್ತಿಗೆ ಮಾಸ್ತಮ್ಮ, “ಹಾಗಂದವರು ನಿನ್ನೆ ಬಂಗಡೆ ಹೊಟ್ಟೆ ಸೀಳುವಾಗ ಕೇಳ್ಲೇ ಇಲ್ಲ,” ಎಂದು ಕೂಗಿದಳು. ಶೇವಂತಿ ನಕ್ಕಳು. ಶನಿಯಾರ ನಗಲಿಲ್ಲ. ಊಟಕ್ಕೆ ಕೂತಾಗಲೂ ಅವಳ ಕಡೆ ನೋಡದೆ, ಸಾರು ಬೇಕೇ ಎಂಬುದನ್ನು ಹೆಂಡತಿಯ ಮೂಲಕ ಕೇಳಿಸಿದ.

ಅವನ ಮಾತು ತಪ್ಪೆಂದು ಅವಳಿಗೂ ಅನ್ನಿಸಿರಲಿಲ್ಲ. ಆದರೂ ಮರುದಿನ ನಿಯಂತ್ರಣ ಕೋಣೆಯಲ್ಲಿ ಅವಳು ಮೊದಲ ಸಾಲನ್ನು ತೆರೆದು, ‘ಮುಟ್ಟಕೂಡದು’ ಎಂಬುದನ್ನು ‘ಆಗಾಗ ಮುಟ್ಟಬೇಕು’ ಎಂದು ಬದಲಿಸಿದಳು. ಬದಲಿಸಿದವರ ಹೆಸರು ಎಂಬಲ್ಲಿ ತನ್ನ ಹೆಸರನ್ನೇ ಪೂರ್ತಿ ಬರೆದಳು. ಆಜ್ಞೆ ಮೊದಲು ಹೋದದ್ದು ಗೌರಿಗೆ, ಏಕೆಂದರೆ ಮರಿಗಳಿದ್ದದ್ದು ಅದರ ಬಂಡೆಯ ಕೆಳಗೆ.

ದನದ ಡಾಕ್ಟರರು ಬಂದದ್ದು ಅದೇ ವಾರ. ಡಾ. ಶಂಕ್ರಪ್ಪ ಹೂಗಾರ ಗದಗ ಕಡೆಯವರು. ಕಡಲೆಂದರೆ ಭಯ, ಬೋಟಿನ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡೇ ತಪಾಸಣೆ ನಡೆಸುತ್ತಿದ್ದರು. ಗೌರಿಯ ಕಣ್ಣಿನ ದೃಶ್ಯ ಬೋಟಿನ ಪರದೆಯ ಮೇಲೆ ಮೂಡಿತು.

“ಏನ್ರಿ ಮೇಡಂ, ಹೋದ ಸಲಾನೂ ಕೇಳಿದ್ನಿ. ಇವಕ್ಕ ಕಿವಿನ ಇಲ್ಲ, ನಾ ಬಿಲ್ಲೆ ಎಲ್ಲಿ ಹೊಡೀಲಿ?”

“ಕೊಂಬು ಮೂಡಿದ ಮೇಲೆ ಅಲ್ಲಿಗೇ ಹೊಡೀಬಹುದು ಡಾಕ್ಟ್ರೇ,” ಎಂದ ಬಾಸಿತ್.

“ನೀ ಸುಮ್ನಿರಪಾ. ಆ ಕೊಂಬಿನ ಸಲುವಾಗಿ ನಮ್ಮ ಆಫೀಸಿನ್ಯಾಗ ಈಗೂ ನನ್ನ ನೋಡಿ ನಗತಾರ.”

ದೊಡ್ಡ ಮುರುಮೀನೊಂದು ಬಂದು ನಿಂತಿತು. ಕಂದು ಮೈ ಬಣ್ಣಗೆಡಿಸಿಕೊಂಡು, ಬಾಯಿ ಅಗಲಿಸಿತು. ಗೌರಿ ಅದರ ಕೆನ್ನೆಯ ಮೇಲೆ ಹುಳವೊಂದನ್ನು ಹೆಕ್ಕಿತು, ಇನ್ನೊಂದನ್ನು ಹೆಕ್ಕಿತು, ಆಮೇಲೆ ಕಚ್ಚಿತು. ಮುರುಮೀನಿನ ಇಡೀ ಮೈ ಅದುರಿತು. ಅದು ಹಿಂದೆ ಸರಿದು ಗೌರಿಯನ್ನು ದಿಟ್ಟಿಸಿತು. ಇಷ್ಟು ವರ್ಷ ಇಂಥದ್ದು ಆಗಿರಲಿಲ್ಲ. ಮತ್ತೆ ಬಾಯಿ ತೆರೆಯಿತು. ಗೌರಿ ಮತ್ತೆ ಕಚ್ಚಿತು.

ಮುರುಮೀನು ಕೆಳಗಿಳಿಯಿತು. ಅಲ್ಲಿ ಬಂಡೆಯ ಬುಡದಲ್ಲಿ, ಮೂರು ಮರಿಗಳಲ್ಲಿ ದೊಡ್ಡದು ಮೂತಿ ತಗ್ಗಿಸಿ ಬಾಲ ಎತ್ತಿತು. ಮುರುಮೀನು ಅದನ್ನು ದಾಟಿ ಹೋಯಿತು. ನಿಂತಿತು. ತಿರುಗಿ ಬಂತು. ಅದರ ಬಾಯಿ ತೆರೆದುಕೊಂಡಾಗ ಮರಿ ಇಡಿಯಾಗಿ ಒಳಗೆ ಹೋಗಿ ಕಾಣದಾಯಿತು.

ಮರಿ ಕಿವಿರಿನ ಸಂದಿಯಿಂದ ಹೊರಗೆ ಬಂತು. ತುಟಿ ಇನ್ನೂ ಆಡುತ್ತಿತ್ತು. ಉಳಿದೆರಡು ಮರಿಗಳು ಅಂಜುತ್ತಂಜುತ್ತ ಮುರುಮೀನಿನ ಬಾಲದ ಕಡೆಯಿಂದ ಶುರು ಮಾಡಿದವು.

“ಮೇಡಂ,” ಎಂದರು ಡಾಕ್ಟರರು ಮೆಲ್ಲಗೆ, “ನಿಮ್ಮ ಗೌರಿ ಕಚ್ಚತೈತಿ.”

“ಹೌದು. ನಾನೇ ಕಲಿಸಿದೆ.” ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅಷ್ಟರಲ್ಲಿ ನಿರ್ದೇಶಕಿಯ ಕರೆ ಬಂತು. ಮಂಡಳಿಯಲ್ಲೂ ಅದೇ ದೃಶ್ಯ ನೋಡುತ್ತಿದ್ದರು. “ಶೇವಂತಿ, ಏನಿದು? ತಕ್ಷಣ ಹಳೆಯ ನಿಯಮ ಹಾಕು. ಡಾಕ್ಟರ್, ಇದು ಸಣ್ಣ ದೋಷ, ಸರಿ ಮಾಡ್ತೇವೆ. ಯೋಗ್ಯ ಅಂತ ಬರೆದುಬಿಡಿ.”

ಹೂಗಾರರು ಕಂಬದಿಂದ ಒಂದು ಕೈ ಬಿಡಿಸಿಕೊಂಡು ತಪಾಸಣೆಯ ಹಾಳೆ ಹೊರತೆಗೆದರು. “ಮೇಡಂ, ನಮ್ಮ ಹಾಳ್ಯಾಗ ಸ್ವಭಾವ ಅಂತ ಒಂದು ಕಾಲಮ್ ಐತ್ರಿ. ಸಾಧು, ಹಾಯ್ತೈತಿ, ಒದಿತೈತಿ. ಇಷ್ಟು ವರ್ಷ ಸಾಧು ಅಂತ ಬರೀತಿದ್ನಿ. ಕಣ್ಣಾರೆ ಕಚ್ಚೂದು ನೋಡಿ ಸಾಧು ಅಂತ ಹೆಂಗ ಬರೀಲ್ರಿ? ಹಾಯೂ ದನಾನ ಒಂದ್ ಊರಿಂದ ಇನ್ನೊಂದ್ ಊರಿಗೆ ಕಳಸೂ ಹಂಗಿಲ್ಲ. ಕಲತ ಚಾಳಿ ಹೋತು ಅಂತ ಖಾತ್ರಿ ಆಗೂತನಕ ಇಡೀ ಹಿಂಡನ್ನ ಇದ್ದಲ್ಲೇ ಇಟ್ಟು ನೋಡಬೇಕ್ರಿ. ಮುಂದಿನ ತಪಾಸಣೆ ತನಕ. ಏನೂ ಬದಲ್ ಮಾಡೂ ಹಂಗಿಲ್ಲ.”

“ಅದು ದನ ಅಲ್ಲ ಡಾಕ್ಟರ್! ಯಂತ್ರ!”

“ನಿಮ್ಮ ಕಡತದಾಗ ರಾಸು ಅಂತ ಐತ್ರಿ,” ಎಂದರು ಹೂಗಾರರು. ಅವರ ಮುಖದಲ್ಲಿ ತಮಾಷೆಯ ಸುಳಿವಿತ್ತೋ ಇಲ್ಲವೋ ಶೇವಂತಿಗೆ ಕೊನೆಗೂ ಗೊತ್ತಾಗಲಿಲ್ಲ. ಅವರು ಮೂರು ಪದಗಳನ್ನೂ ಹೊಡೆದುಹಾಕಿ, ಪಕ್ಕದಲ್ಲಿ ‘ಕಚ್ಚುತ್ತದೆ’ ಎಂದು ಬರೆದು ಸಹಿ ಮಾಡಿದರು. ತಕ್ಷಣ ಮತ್ತೆ ಕಂಬ ಹಿಡಿದುಕೊಂಡರು.

ಹೀಗೆ ಶೇವಂತಿಯ ಯಂತ್ರಗಳು ಬೇರೆ ದಿಬ್ಬಗಳಿಗೆ ಹೋಗಲಿಲ್ಲ. ನಿರ್ದೇಶಕಿ ಅವಳನ್ನು ಬೈಯಲಿಲ್ಲ. ಮುಂದಿನ ಯೋಜನೆಯ ಸಭೆಗಳಿಗೆ ಕರೆಯುವುದನ್ನು ನಿಲ್ಲಿಸಿದರು. ಅವಳ ಹೆಸರಿದ್ದ ಜಾಗದಲ್ಲಿ ಇನ್ನೊಬ್ಬರ ಹೆಸರು ಬಂತು. ಅದನ್ನು ಓದಿದ ದಿನ ಅವಳು ಗೌರಿಯ ಹಳೆಯ ಬಾಯಿಯೊಂದನ್ನು ಮೇಜಿನ ಒಳಖಾನೆಯಿಂದ ತೆಗೆದು, ಬೆರಳ ತುದಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಅಂಥ ಬಾಯಿಯನ್ನು ಇನ್ನೊಮ್ಮೆ ಮಾಡುವಷ್ಟು ವಯಸ್ಸು ತನಗೆ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮಳೆಗಾಲ ಬಂತು. ಬೋಟುಗಳು ದಡ ಹತ್ತಿದವು. ನೀರು ಕೆಂಪಾಗಿ ಗೌರಿಯ ಕಣ್ಣಿಗೆ ಮಂಕು ಬಿಟ್ಟು ಬೇರೇನೂ ಕಾಣದಾಯಿತು. ಮರಿಗಳು ಉಳಿದಿವೆಯೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಬಾಸಿತ್ ದಿನವೂ ಬಂದು, ಮಂಕು ಪರದೆ ನೋಡಿ, “ಇವತ್ತೂ ಬರೀ ಚಹಾ ಕಾಣ್ತದೆ ಮೇಡಂ, ಹಾಲು ಹಾಕಿದ್ದು,” ಎಂದು ಹೇಳಿ ಹೋಗುತ್ತಿದ್ದ. ಮನೆಯಲ್ಲಿ ಶನಿಯಾರ ಮಾತಾಡತೊಡಗಿದ್ದ, ಆದರೆ ಮೀನಿನ ಸುದ್ದಿ ಎತ್ತುತ್ತಿರಲಿಲ್ಲ.

ನೀರು ತಿಳಿಯಾದದ್ದು ನವರಾತ್ರಿಯ ಸುಮಾರಿಗೆ. ಅಂದು ಬೆಳಿಗ್ಗೆ ನಿಯಂತ್ರಣ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಎಚ್ಚರಿಕೆಯ ಗಂಟೆ ಹೊಡೆಯಿತು. ಪರದೆಯ ಮೇಲೆ ಕೆಂಪು ಅಕ್ಷರ: ‘ಗೌರಿಗೆ ಹೊಡೆತ.’

“ಮುರುಮೀನಿಗೆ ಸಿಟ್ಟು ಬಂದಿರಬೇಕು,” ಎಂದ ಬಾಸಿತ್. ಶೇವಂತಿ ದೃಶ್ಯವನ್ನು ಹಿಂದಕ್ಕೋಡಿಸಿದಳು.

ಬಂಡೆಯ ನೆತ್ತಿಯಲ್ಲಿ ಈಗ ಗೌರಿ ಒಂದೇ ಇರಲಿಲ್ಲ. ಜೊತೆಗೆ ಮೂರು ರಾಸ್‌ಗಳಿದ್ದವು. ಮರಿಗಪ್ಪು ಹೋಗಿ, ಪಟ್ಟೆ ಮೂಡಿ, ನೀಲಿ ತುಂಬಿಕೊಂಡ ಬೆರಳುದ್ದದ ಮೀನುಗಳು. ಈ ಜಾತಿಯಲ್ಲಿ ಎಲ್ಲವೂ ಮೊದಲು ಹೆಣ್ಣೇ. ಗುಂಪಿಗೆ ಗಂಡಿಲ್ಲದಿದ್ದರೆ ಅವುಗಳಲ್ಲಿ ದೊಡ್ಡದು ಗಂಡಾಗಿ ಬದಲಾಗಿ, ಬಂಡೆಯ ಯಜಮಾನಿಕೆ ವಹಿಸುತ್ತದೆ. ಮೂರರಲ್ಲಿ ದೊಡ್ಡದು ಮಳೆಗಾಲದ ಮಂಕಿನಲ್ಲೇ ಆ ಕೆಲಸ ಮುಗಿಸಿತ್ತು. ಬಂಡೆಯ ಸುತ್ತ ಗಸ್ತು ಹೊಡೆಯುತ್ತ, ಉಳಿದೆರಡು ಕೆಲಸ ಮಾಡುವುದನ್ನು ನೋಡುತ್ತಿತ್ತು.

ಗಿಳಿಮೀನೊಂದು ಗೌರಿಯ ಮುಂದೆ ನಿಂತಿತು. ಗೌರಿ ನಿಯಮದಂತೆ ಹುಳ ಹೆಕ್ಕಿತು, ಹೆಕ್ಕಿತು, ಕಚ್ಚಿತು. ಗಿಳಿಮೀನು ಬೆಚ್ಚಿ ಓಡಿಹೋಯಿತು. ಮರುಗಳಿಗೆಯಲ್ಲೇ ಯಜಮಾನ ನುಗ್ಗಿ ಬಂದು ಗೌರಿಯ ಪಕ್ಕೆಗೆ ಗುದ್ದಿತು. ಗೌರಿ ಸರಿಯಿತು, ಅದು ಬಿಡದೆ ಬಂಡೆಯ ಸುತ್ತ ಅಟ್ಟಿಸಿತು.

ಬಾಸಿತ್ ಕುರ್ಚಿಗೆ ಒರಗಿ ನಕ್ಕುಬಿಟ್ಟ. “ಮೇಡಂ! ಗಿರಾಕಿ ಓಡಿಸಿದ್ದಕ್ಕೆ ಅಂಗಡಿ ಯಜಮಾನ ಬೈತಾ ಇದ್ದಾನೆ!”

ಅದು ಹಾಗೆಯೇ ಇತ್ತು. ತನ್ನ ಗುಂಪಿನ ಹೆಣ್ಣೊಂದು ಗಿರಾಕಿಯನ್ನು ಕಚ್ಚಿ ಓಡಿಸಿದಾಗ ಗಂಡು ರಾಸ್ ಅದನ್ನು ಹೀಗೆ ದಂಡಿಸುವುದನ್ನು ಶೇವಂತಿ ಹಳೆಯ ದೃಶ್ಯಗಳಲ್ಲಿ ನೋಡಿದ್ದಳು. ಬೇರೆ ಬಂಡೆಯವರನ್ನು ಅದು ದಂಡಿಸುವುದಿಲ್ಲ, ಹೊರಗಟ್ಟುತ್ತದೆ. ಗೌರಿಯನ್ನು ಹೊರಗಟ್ಟಲಿಲ್ಲ. ಒಂದು ಸುತ್ತು ಅಟ್ಟಿಸಿ, ತಿರುಗಿ ತನ್ನ ಜಾಗಕ್ಕೆ ಹೋಗಿ, ಮತ್ತೆ ಕೆಲಸಕ್ಕೆ ಬರಲು ಬಿಟ್ಟಿತು.

ಪರದೆಯ ಮೇಲೆ ಯಂತ್ರದ ಪ್ರಶ್ನೆ ಇನ್ನೂ ಮಿನುಗುತ್ತಿತ್ತು: ‘ಮುಂದೆ ಹೊಡೆತ ತಪ್ಪಿಸಿಕೊಳ್ಳಬೇಕೆ?’

ಶೇವಂತಿ ‘ಬೇಡ’ ಎಂಬುದನ್ನು ಒತ್ತಿದಳು. ಮೊದಲ ಸಾಲು ತೆರೆದು, ‘ಆಗಾಗ ಮುಟ್ಟಬೇಕು’ ಎಂಬುದರ ಮುಂದೆ ‘ಯಜಮಾನ ಹೊಡೆದರೆ ನಿಲ್ಲಿಸಬೇಕು’ ಎಂದು ಸೇರಿಸಿದಳು. ದನದ ಡಾಕ್ಟರರ ಆಜ್ಞೆ ಮೀರಿದಂತಾಯಿತು. ಅವರಿಗೆ ತಾನೇ ಹೇಳಿದರಾಯಿತೆಂದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಓಡಿಹೋದ ಗಿಳಿಮೀನು ಅನುಮಾನಿಸುತ್ತ ಮರಳಿ ಬಂತು. ಯಜಮಾನ ಪಕ್ಕದಲ್ಲೇ ತೇಲುತ್ತ ನೋಡುತ್ತಿತ್ತು. ಗೌರಿ ಮುಂದೆ ಹೋಗಿ, ಮೆತ್ತನೆಯ ರೆಕ್ಕೆಯಿಂದ ಗಿಳಿಮೀನಿನ ಬೆನ್ನನ್ನು ಬಹಳ ಹೊತ್ತು ನೇವರಿಸಿತು.

ಸಂಜೆ ಅವಳು ಅಂಗಡಿಗೆ ಬಂದಾಗ ಶನಿಯಾರ ಕುರ್ಚಿ ಒರೆಸುತ್ತಿದ್ದ. ಅವನು ಕೇಳದೆಯೇ ಅವಳು ಎಲ್ಲವನ್ನೂ ಹೇಳಿದಳು. ಅವನು ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೊನೆಯವರೆಗೂ ಕೇಳಿದ.

“ಗುದ್ದಿತಾ? ಜೋರಾಗಿ?”

“ಜೋರಾಗೇ. ಗಂಟೆ ಹೊಡ್ಕೊಂಡಿತು.”

“ಹಾಗಾದ್ರೆ ಅದಕ್ಕೆ ಕಸುಬು ಗೊತ್ತುಂಟು.” ಅವನು ಮತ್ತೆ ಒರೆಸತೊಡಗಿದ. ತುಸು ಹೊತ್ತಿನ ಮೇಲೆ, “ಆ ರಾಸಿಗೆ ಎಂತ ಹೆಸರಿಟ್ರಿ?” ಎಂದು ಕೇಳಿದ.

“ಹೆಸರಿಲ್ಲ,” ಎಂದಳು ಶೇವಂತಿ. “ಅದು ರಾಸು ಅಲ್ಲ ಅಣ್ಣ. ರಾಸ್.”